ಹುಲ್ಲಿನ ಸೂರು

ಪಾವಗಡ ತಾಲ್ಲೂಕಿನ ವಳ್ಳೂರಿನ ಕಡೆ ಉಳ್ಳವರ ಮನೆಯೆಂದರೆ ಮಾಳಿಗೆ ಮನೆ. ಮರದ ತೊಲೆಗಳ ಮೇಲೆ ಮಣ್ಣು ಬಡಿದು ಮಾಡಿದ ಸಮತಟ್ಟಾದ ಸೂರು. ತೊಲೆಗೆ ಹಣವಿಲ್ಲದವರಿಗೆ ಬಾದೆ ಹುಲ್ಲಿನ ಗುಡಿಸಲು. ಗುಡಿ, ಗುಡಿಸಲು ಒಂದೇ ಬೇರಿನ ಮಾತುಗಳೆಂದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ನಗಲಿ, ಈ ಸೀಮೆಯ ಕಾಡುಗೊಲ್ಲರು ದೇವರನ್ನೂ ಹುಲ್ಲಿನ ಗುಡಿಸಲಲ್ಲೇ ಇಟ್ಟು ಪೂಜಿಸಿದವರು.

ಹುಲ್ಲು ಹೊದಿಸುವುದು ಒಬ್ಬನಿಂದ ಆಗುವ ಕೆಲಸವಲ್ಲ. ಬಲಿತು ಒಣಗಿದ ಹುಲ್ಲನ್ನು ಕೊಯ್ದು ಸಿವುಡು ಕಟ್ಟಬೇಕು; ಬಿದಿರಿನ ಗಳಗಳಿಗೆ ಕತ್ತಾಳೆ ನಾರಿನಿಂದ ಬಿಗಿಯುತ್ತ ಸೂರಿನಂಚಿನಿಂದ ನೆತ್ತಿಗೆ ಏರಬೇಕು. ಮೇಲಿನ ಸಾಲು ಕೆಳಗಿನ ಸಾಲಿನ ಕಟ್ಟನ್ನು ಮುಚ್ಚಿದರೆ ಮಾತ್ರ ನೀರು ಜಾರೀತು. ಒಬ್ಬ ಕೆಳಗಿಂದ ಸಿವುಡು ಎಸೆಯಬೇಕು, ಒಬ್ಬ ಮೇಲೆ ಹಿಡಿಯಬೇಕು, ಮತ್ತೊಬ್ಬ ಒಳಗೆ ನಿಂತು ನಾರನ್ನು ತಿರುಗಿಸಿ ಕೊಡಬೇಕು. ಅದಕ್ಕೇ ಮುಯ್ಯಾಳು: ಇಂದು ನನ್ನ ಸೂರಿಗೆ ನೀವು, ನಾಳೆ ನಿಮ್ಮದಕ್ಕೆ ನಾನು. ಜಪಾನಿನ ಷಿರಕಾವಾ ಗ್ರಾಮದಲ್ಲಿಯೂ ಊರೆಲ್ಲ ಸೇರಿ ಹೊದಿಸುವ ಕ್ರಮವುಂಟು. ಅವರು ಅದನ್ನು ‘ಯುಯಿ’ ಎನ್ನುತ್ತಾರೆ. ನಮ್ಮ ಮುಯ್ಯಿಗೆ ಪ್ರಾಸ ಕೂಡಿದ್ದು ಆಕಸ್ಮಿಕವೇ ಇರಬೇಕು, ಆದರೂ ಕನ್ನಡ ಮೇಷ್ಟರ ಕಿವಿಗೆ ಹಿತ. ಆ ಊರು 1995ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ವಳ್ಳೂರು ಸೇರಿದ ಪಟ್ಟಿಯೇ ಬೇರೆ. ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ತಿನ ಸ್ಥಾವರ ಎದ್ದಿದೆ. 2018ರಲ್ಲಿ ಉದ್ಘಾಟನೆಯಾಯಿತು, 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ನೆಲಕ್ಕೇ ಗಾಜಿನ ಸೂರು ಹೊದಿಸಿದಂತೆ ಕಾಣುತ್ತದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿನಿಂದ ಗುತ್ತಿಗೆ ಆರಂಭವಾಯಿತು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ ಸೋತವರಿಗೆ ಅದು ಅಲ್ಪವಲ್ಲ. ಪಟ್ಟಣದಲ್ಲಿ ಕುಳಿತು ಹಳ್ಳಿಗಾಗಿ ಮರುಗುವ ನಾವು ಅದನ್ನು ಮರೆಯಬಾರದು. ಆದರೆ ಹಣ ಜಮೀನುಳ್ಳವರಿಗೆ. ಹುಲ್ಲು ಕೊಯ್ಯುತ್ತಿದ್ದವರು ಬದುವನ್ನು ನಂಬಿದವರು. ಬದುವಿಗೆ ಅವರ ಹೆಸರಿನ ಪಹಣಿ ಇಲ್ಲ.

ಅಂಥ ಹಿರಿಯರೊಬ್ಬರನ್ನು ಅಲ್ಲಿ ಕಂಡೆ. ಮನೆಗೆ ತಗಡು ಬಂದಿದೆ. ಹಿತ್ತಲ ಮೇಕೆ ಕೊಟ್ಟಿಗೆಗೆ ಮಾತ್ರ ಹುಲ್ಲು, ನೆತ್ತಿಯಲ್ಲಿ ಕೊಳೆತಿದೆ.

“ಈ ಸಲ ಹೊದಿಸ್ತೀರೇನು ತಾತ?”

“ಹೊದಿಸಾಕೆ ಬತ್ತದೆ ಸ್ವಾಮಿ. ಹುಲ್ಲಿಗೆ ಎಲ್ಲೋಗ್ಲಿ? ಬೇಲಿ ಹಾಕವ್ರೆ. ಮುಯ್ಯಿಗೆ ಬರೋ ಹುಡುಗ್ರು ಬೆಂಗ್ಳೂರು ಸೇರ್ಕಂಡ್ರು. ನನ್ನ ಮೊಮ್ಮಗ ಒಬ್ಬ ಬೇಲಿ ಒಳಗೇ ಕೂಲಿಗೆ ಹೋಗ್ತಾನೆ.”

“ಏನು ಕೆಲಸ?”

“ಗಾಜಿನ ಮೇಲೆ ನೆಳ್ಳು ಬೀಳ್ದಂಗೆ ಹುಲ್ಲು ಕೊಯ್ಯಾದು.”

ಆ ಹುಲ್ಲನ್ನೇ ತರಬಹುದಲ್ಲ ಎಂದೆ. ಅವರು ಬೆರಳು ಚಾಚಿ ಗೇಣು ಮಾಡಿ ತೋರಿಸಿದರು. “ಇಷ್ಟಾಗೋದ್ರೊಳಗೆ ಕೊಯ್ದುಬಿಡ್ತಾರೆ. ಇದ್ರಲ್ಲಿ ಏನ್ ಹೊದಿಸ್ಲಿ?”