ರದ್ದಿಯಲ್ಲಿ ಸಿಕ್ಕ ಬಹಾದ್ದೂರ್

ಹುಬ್ಬಳ್ಳಿಯ ದುರ್ಗದಬೈಲಿನ ಬಳಿ ಹಳೆಯ ಪತ್ರಿಕೆಗಳನ್ನು ತೂಕಕ್ಕೆ ಹಾಕಲು ಹೋದಾಗ, ರದ್ದಿಯ ರಾಶಿಯಲ್ಲಿ ರಕ್ಷಾಪುಟವಿಲ್ಲದ ಇಂದ್ರಜಾಲ ಕಾಮಿಕ್ಸ್ ಒಂದು ಕಂಡಿತು. ಬೆಲೆ ಕೇಳಿದೆವು. ಅಂಗಡಿಯವರು ನಕ್ಕರು: "ಹರಿದದ್ದಕ್ಕ ಎಂಥಾ ರೊಕ್ಕಾರೀ, ಹಂಗ ಒಯ್ರಿ."

ಅದು ಬಹಾದ್ದೂರನ ಕಥೆ. ಆಬಿದ್ ಸೂರ್ತಿಯವರು 1976ರಲ್ಲಿ ಸೃಷ್ಟಿಸಿದ ಈ ನಾಯಕನಿಗೆ ಹಾರಲು ಬಾರದು, ಮುಖವಾಡವೂ ಇಲ್ಲ. ದರೋಡೆಕೋರ ತಂದೆ ಪೊಲೀಸರ ಗುಂಡಿಗೆ ಬಲಿಯಾದವನು. ಸೇಡಿಗೆ ಹೊರಟ ಮಗ ಸತ್ಯ ತಿಳಿದು, ದರೋಡೆಕೋರರಿಂದ ಊರನ್ನು ಕಾಯುವವನಾಗುತ್ತಾನೆ. ಬಾಲ್ಯದಲ್ಲಿ ನಾವು ಹೊಡೆದಾಟದ ಚಿತ್ರಗಳನ್ನಷ್ಟೇ ನೋಡಿದ್ದೆವು. ಸೇಡು ಬಿಟ್ಟದ್ದನ್ನು ಗಮನಿಸಿರಲಿಲ್ಲ.

ಸೂರ್ತಿಯವರು 2007ರಲ್ಲಿ ಮುಂಬೈ ಸಮೀಪದ ಮೀರಾ ರೋಡಿನಲ್ಲಿ ಇನ್ನೊಂದು ಕೆಲಸ ಆರಂಭಿಸಿದರು. ಭಾನುವಾರಗಳಂದು ಪ್ಲಂಬರನೊಂದಿಗೆ ಮನೆಮನೆಗೆ ಹೋಗಿ, ಸೋರುವ ನಳಗಳನ್ನು ಉಚಿತವಾಗಿ ದುರಸ್ತಿ ಮಾಡಿಸತೊಡಗಿದರು.

ಮಲಪ್ರಭೆಯ ನೀರಿಗಾಗಿ ದಿನಗಟ್ಟಲೆ ಕಾದು ಬೆಳೆದವರು ನಾವು. ಆದರೂ ಅಣ್ಣನ ಮನೆಗೂ ನಮಗೂ ಕೂಡಿದ್ದ ಟಾಕಿಯ ನಳ, ಯಾರು ರಿಪೇರಿ ಮಾಡಿಸಬೇಕೆಂಬ ಹಟದಲ್ಲಿ ಎರಡು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಮಾತೂ ನಿಂತಿತ್ತು.

ಪುಸ್ತಕ ಮಡಚಿಟ್ಟು ಹೋಗಿ ವಾಷರ್ ತಂದೆವು. ಹಳೆಯದನ್ನು ಬಿಚ್ಚಲು ತಿಣುಕುತ್ತಿದ್ದಾಗ ಅಣ್ಣ ಹೊರಬಂದರು. ಏನೂ ಹೇಳದೆ ನಮ್ಮ ಕೈಯಿಂದ ಪಾನಾ ತೆಗೆದುಕೊಂಡರು.