ಗೋಕಾವಿಯಿಂದ ಹುಕ್ಕೇರಿಗೆ: ಹಿರಿಯ ಪೈಲವಾನನು ಯಾರು?

ಬೆಳಗಾವಿ ಜಿಲ್ಲೆಯ ಗೋಕಾಕಕ್ಕೆ, ಹಳಬರ ಮಾತಿನಲ್ಲಿ ಗೋಕಾವಿಗೆ, ಬರುವ ಪ್ರವಾಸಿಕರು ಸಾಮಾನ್ಯವಾಗಿ ಎರಡು ಕೆಲಸಗಳನ್ನು ಮಾಡಿ ಮರಳುವರು. ಘಟಪ್ರಭೆಯು ಸುಮಾರು 170 ಅಡಿಗಳ ಎತ್ತರದಿಂದ ಧುಮುಕುವ ಜಲಪಾತವನ್ನು ಕಣ್ತುಂಬ ನೋಡುವರು. ಕರಿದ ಅಂಟು, ಬೆಲ್ಲ, ಒಣಹಣ್ಣುಗಳನ್ನು ಕೂಡಿಸಿ ಮಾಡಿದ ಕರದಂಟನ್ನು ಮನೆಯವರಿಗಾಗಿ ಕಟ್ಟಿಸಿಕೊಳ್ಳುವರು. ಆದರೆ ಈ ಸೀಮೆಯಲ್ಲಿ ಕಿವಿಗೊಟ್ಟು ಕೇಳತಕ್ಕ ಮೂರನೆಯದೊಂದುಂಟು. ಅದು ಕುಸ್ತಿಯ ವಾದ. ಗರಡಿಮನೆಯ ಕಟ್ಟೆಯ ಮೇಲೆ ನಾಲ್ವರು ಹಿರಿಯರು ಕೂಡಿದರೆ ಸಾಕು, ಎಲ್ಲ ಕಾಲಕ್ಕೂ ಹಿರಿಯನಾದ ಪೈಲವಾನನು ಯಾರೆಂಬ ಪ್ರಶ್ನೆಯು ಏಳುವದು.

ಗೋಕಾವಿಯಲ್ಲಿ ನಾನು ಕೇಳಿದ ಮುದುಕರು ಗಾಮಾನ ಪಕ್ಷದವರು. “ಗಾಮಾನ ಮುಂದ ಯಾರ ನಿಲ್ಲತಾರ್ರೀ?” ಎಂಬುದೇ ಅವರ ಮೊದಲ ಮಾತೂ ಕೊನೆಯ ಮಾತೂ. ಅವರಲ್ಲಿ ಆಧಾರವಿಲ್ಲದಿಲ್ಲ. 1910ರಲ್ಲಿ ಗಾಮಾನು ಲಂಡನ್ನಿಗೆ ಹೋಗಿ, ಯಾವ ಮಲ್ಲನಾದರೂ ಬರಲೆಂದು ಪಂಥ ಕಟ್ಟಿದನು. ಪೋಲೆಂಡಿನ ಝಿಬಿಸ್ಕೋ ಎಂಬ ದೈತ್ಯನು ಎರಡು ಗಂಟೆಗಳಿಗೂ ಮಿಕ್ಕಿ ನೆಲಕ್ಕಂಟಿಕೊಂಡು ಅಂದಿನ ಸೋಲನ್ನು ತಪ್ಪಿಸಿಕೊಂಡನು. ಮರುವಾರದ ಕುಸ್ತಿಗೆ ಬರಲೇ ಇಲ್ಲ. 1928ರಲ್ಲಿ ಪಟಿಯಾಳದಲ್ಲಿ ಅವರಿಬ್ಬರೂ ಮತ್ತೆ ಎದುರಾದಾಗ ಗಾಮಾನು ಒಂದು ನಿಮಿಷದೊಳಗಾಗಿ ಅವನನ್ನು ಚಿತ್ತು ಮಾಡಿದನು.

ಗೋಕಾವಿಯ ಈಶಾನ್ಯಕ್ಕೆ, ಕಬ್ಬಿನ ಹೊಲಗಳ ನಡುವೆ ಮೂಡಲಗಿಯಿದೆ. ಅಲ್ಲಿ ಮಾತು ಬೇರೆ. “ರಾಜರ ಅನ್ನ ಉಂಡವರ ಮಾತು ಬ್ಯಾಡ್ರಿ, ಖಾಶಾಬಾನ ಮಾತು ಹೇಳ್ರಿ” ಎಂದರು ಒಬ್ಬ ಒಕ್ಕಲಿಗರು. ಕರಾಡದ ಬಳಿಯ ಗೋಳೇಶ್ವರದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ ಪಂದ್ಯಗಳಲ್ಲಿ ಕಂಚಿನ ಪದಕವನ್ನು ಪಡೆದರು. ಸ್ವತಂತ್ರ ಭಾರತದಲ್ಲಿ ಒಬ್ಬನೇ ಆಡಿ ಗಳಿಸಿದ ಮೊದಲನೆಯ ಒಲಿಂಪಿಕ್ ಪದಕವದು. ಅವರ ಪ್ರಯಾಣದ ವೆಚ್ಚಕ್ಕಾಗಿ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ಸಣ್ಣ ಮೈಕಟ್ಟಿನವರು ತಮ್ಮ ತೂಕದ ಜಗತ್ತಿನ ಮಲ್ಲರೊಡನೆ ಹೋರಾಡಿ ಗೆದ್ದುದು ಕಡಿಮೆಯ ಹಿರಿಮೆಯೇ?

ಪಶ್ಚಿಮಕ್ಕೆ ತಿರುಗಿ ಹುಕ್ಕೇರಿಗೆ ಬಂದರೆ ಆದಿಲಶಾಹಿ ಕಾಲದ ಗುಮ್ಮಟಗಳು ಕಾಣುವವು. ವಾದವೂ ಮನೆಯ ಬಾಗಿಲಿಗೆ ಬರುವದು. ಇಲ್ಲಿಂದ ಉತ್ತರಕ್ಕಿರುವ ಚಿಕ್ಕೋಡಿ ತಾಲೂಕಿನ ಯಕ್ಸಂಬೆಯಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಬಂತಾಸಿಂಗನನ್ನು ಸೋಲಿಸಿ ಮೊತ್ತಮೊದಲಿನ ‘ಹಿಂದ್ ಕೇಸರಿ’ ಎನಿಸಿದರು. ಅದೇ ವರ್ಷ ‘ಮಹಾರಾಷ್ಟ್ರ ಕೇಸರಿ’ಯೂ ಆದರು. ಶಾಹೂ ಮಹಾರಾಜರ ಆಶ್ರಯದಿಂದ ಕುಸ್ತಿಯ ತವರೆನಿಸಿದ ಕೊಲ್ಲಾಪುರದಲ್ಲಿ ನೆಲೆಸಿ, 2020ರಲ್ಲಿ ತೀರಿಕೊಂಡರು. “ನಮ್ಮ ಮಣ್ಣಿನ ಕೂಸು” ಎಂದು ಹುಕ್ಕೇರಿಯವರು ಎದೆಯುಬ್ಬಿಸಿದರೆ ತಪ್ಪಿಲ್ಲ.

ಈ ಮೂವರನ್ನು ಒಂದೇ ತಕ್ಕಡಿಯಲ್ಲಿ ತೂಗುವದು ಹೇಗೆ? ಒಬ್ಬನು ತೂಕದ ಮಿತಿಯಿಲ್ಲದ ಕಾಲದವನು. ಒಬ್ಬರು ಗಾದಿಯ ಮೇಲೆ, ಗಡಿಯಾರದ ಅಂಕೆಯಲ್ಲಿ ಹೋರಾಡಿದವರು. ಒಬ್ಬರು ಮಣ್ಣಿನ ಕಣದಲ್ಲಿ ಹೆಸರು ಪಡೆದವರು. ಲೆಕ್ಕವಿದ್ದಲ್ಲಿಯೂ ಈ ವಾದ ಮುಗಿಯದು. ಅಮೇರಿಕದವರು ತಮ್ಮ ಬೇಸ್‌ಬಾಲ್ ಆಟದ ಒಂದೊಂದು ಹೊಡೆತವನ್ನೂ ಬರೆದಿಡುವರು. ಬೇಬ್ ರೂಥನು 1935ರ ವರೆಗೆ 714 ‘ಹೋಮ್ ರನ್’ಗಳನ್ನು ಹೊಡೆದನು, 1974ರಲ್ಲಿ ಹ್ಯಾಂಕ್ ಆರನ್ನನು ಆ ಸಂಖ್ಯೆಯನ್ನು ಮೀರಿದನು. ಆದರೂ ಜಗಳ ನಿಂತಿಲ್ಲ. ಯಾಕಂದರೆ, 1947ರಲ್ಲಿ ಜಾಕಿ ರಾಬಿನ್ಸನ್ನನು ಕಾಲಿಡುವ ವರೆಗೆ ಕಪ್ಪು ಜನಾಂಗದವರಿಗೆ ಆ ದೊಡ್ಡ ಪಂದ್ಯಗಳ ಬಾಗಿಲು ಮುಚ್ಚಿತ್ತು. ರೂಥನು ಎದುರಿಸದೆ ಉಳಿದವರ ಲೆಕ್ಕವನ್ನು ಯಾವ ಪುಸ್ತಕವೂ ಹೇಳಲಾರದು.

ನನ್ನ ಮಟ್ಟಿಗೆ ತೀರ್ಪಿನ ಕೀಲಿ ಇಲ್ಲಿಯೇ ಇದೆ. ಹಿರಿಯನನ್ನು ಅಳೆಯುವದು ಅವನೆದುರಿಗೆ ನಿಂತವರಿಂದ. ಪಂಥವನ್ನು ಎಲ್ಲರಿಗೂ ತೆರೆದಿಟ್ಟನೆಂಬ ಕಾರಣಕ್ಕೆ ನನ್ನ ಒಂದು ಮತ ಗಾಮಾನಿಗೆ. ಆದರೆ ಅಂಥವನು ಒಬ್ಬನೇ ಹುಟ್ಟುವದಿಲ್ಲ. ನಸುಕಿನಲ್ಲಿ ಅವನೊಡನೆ ಸಾಮು ಮಾಡಿ, ಅವನಿಂದ ನೂರು ಸಲ ಬಿದ್ದೆದ್ದ ಹೆಸರಿಲ್ಲದ ಜೋಡಿಗಳು ಅವನನ್ನು ಮಾಡುವರು. ನಮ್ಮ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಬಹುಕಾಲ ಪ್ರವೇಶವೇ ಇರಲಿಲ್ಲ. 2016ರಲ್ಲಿ ಸಾಕ್ಷಿ ಮಲಿಕಳು ರಿಯೋದಿಂದ ಕಂಚಿನ ಪದಕವನ್ನು ತಂದ ಮೇಲೆ, ನಮ್ಮ ಹಳೆಯ ಪಟ್ಟಿಯೂ ಅರ್ಧದ್ದೇ ಎಂಬುದು ತಿಳಿಯಿತು.

ಆದುದರಿಂದ ಗೃಹಸ್ಥರಲ್ಲಿ ಎರಡು ಬಿನ್ನಹ. ನಿಮ್ಮ ಊರಿನ ಮುಪ್ಪಿನ ಪೈಲವಾನರು ಯಾರೊಡನೆ ಹಿಡಿದರು, ಯಾರಿಗೆ ಸೋತರು ಎಂಬುದನ್ನು ಅವರಿರುವಾಗಲೇ ಕೇಳಿ ಬರೆದಿಡಿರಿ. ಮತ್ತು ಗರಡಿಯ ಮಣ್ಣು ಗಟ್ಟಿಯಾಗದಂತೆ ಮಕ್ಕಳನ್ನು, ಗಂಡು ಹೆಣ್ಣೆಂಬ ಭೇದವಿಲ್ಲದೆ, ಅಲ್ಲಿಗೆ ಕಳಿಸಿರಿ. ಕಣ ಬರಿದಾದರೆ ಕಟ್ಟೆಯ ಮೇಲಿನ ವಾದವೂ ಬರಿದಾಗುವದು.