ಬೀಗರ ಊಟಕ್ಕೆ ಎಷ್ಟು ಮರಿ?

ಲಗ್ನದ ದಿನಗಳಲ್ಲಿ ಒಂದು ಭಾನುವಾರ ಮದ್ದೂರು ದಾಟಿ ಮಂಡ್ಯದ ಕಡೆಗೆ ಹಳೆಯ ರಸ್ತೆಯಲ್ಲಿ ಹೊರಟರೆ ಊರಿಗೊಂದಾದರೂ ಶಾಮಿಯಾನ ಕಣ್ಣಿಗೆ ಬೀಳುತ್ತದೆ. ಕಬ್ಬಿನ ಗದ್ದೆಯ ಪಕ್ಕದ ಖಾಲಿ ಕಣದಲ್ಲಿ ಸಾಲು ಮೇಜು, ಅದರಾಚೆ ತೆಂಗಿನ ಗರಿಯ ಮರೆಯಲ್ಲಿ ಹೊಗೆ. ಬೆಳಗಿನ ಹನ್ನೊಂದಕ್ಕೇ ಹುರಿದ ಧನಿಯ, ಚಕ್ಕೆ, ಲವಂಗದ ವಾಸನೆ ರಸ್ತೆಯವರೆಗೂ ಬಂದಿರುತ್ತದೆ. ಅದು ಬೀಗರ ಊಟ. ಮುಹೂರ್ತದ ದಿನ ಛತ್ರದಲ್ಲಿ ಕೋಸಂಬರಿ, ಪಲ್ಯ, ಒಬ್ಬಟ್ಟು ಉಂಡು ಹೋದ ನೆಂಟರೇ ಮತ್ತೆ ಕೆಲವು ದಿನ ಬಿಟ್ಟು ಬಾಡೂಟಕ್ಕೆ ಬರುತ್ತಾರೆ. ಬೇರೆ ಊರುಗಳಲ್ಲಿ ಆರತಕ್ಷತೆ ಎಂದರೆ ದೀಪಾಲಂಕಾರದ ಸಂಜೆ. ಈ ಸೀಮೆಯಲ್ಲಿ ಅದರ ಜೊತೆಗೆ ನಡುಹಗಲಿನ ಈ ಎರಡನೆಯ ಸತ್ಕಾರವೂ ಉಂಟು. ಮದುವೆ ಹೇಗೆ ನಡೆಯಿತೆಂದು ಊರವರು ತೀರ್ಮಾನಿಸುವುದು ಹೆಚ್ಚಾಗಿ ಇದರ ಮೇಲೆಯೇ.

ಹಾಗಾಗಿ ಏನು ಮಾಡಿಸುವುದು ಎಂಬ ಮಾತು ಹದಿನೈದು ದಿನ ಮೊದಲೇ ಜಗಲಿಯ ಮೇಲೆ ಶುರುವಾಗುತ್ತದೆ. ಮೊದಲು ದಿನದ ಪ್ರಶ್ನೆ. ಸೋಮವಾರ, ಶನಿವಾರ ಹೆಚ್ಚಿನ ಮನೆಗಳಲ್ಲಿ ಬಾಡು ಬೇಯುವುದಿಲ್ಲ. ಆಷಾಢದಲ್ಲಿ ಮದುವೆಯೇ ಇಲ್ಲ. ಶ್ರಾವಣದಲ್ಲಿ ಮದುವೆ ಉಂಟು, ಬಾಡು ಇಲ್ಲ ಎನ್ನುವ ಮನೆಗಳು ಬಹಳ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳಿಗೆ ರಜೆ ಬೇಕಾದ್ದರಿಂದ ಕೊನೆಗೆ ಭಾನುವಾರವೇ ಗಟ್ಟಿ. ಇದು ಸಲೀಸಾಗಿ ಮುಗಿಯುವ ಭಾಗ. ಕಷ್ಟವಿರುವುದು ಮರಿಯ ಲೆಕ್ಕದಲ್ಲಿ.

ಇಲ್ಲಿ ಮರಿ ಎಂದರೆ ಬಂಡೂರು ಕುರಿ ಎಂದೇ ಹಿರಿಯರ ಹಟ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಿನ ಈ ತಳಿಯನ್ನು ಹೊರಗಿನವರು ಬನ್ನೂರು ಕುರಿ ಎನ್ನುತ್ತಾರೆ. ಸರ್ಕಾರಿ ಪುಸ್ತಕಗಳಲ್ಲಿ ಮಂಡ್ಯ ತಳಿ ಎಂದೂ ಹೆಸರುಂಟು. ಗಿಡ್ಡ ಕಾಲು, ತುಂಬಿಕೊಂಡ ಮೈ, ಬಿಳಿಯ ಬಣ್ಣ. ಮಾಂಸಖಂಡದ ಎಳೆಗಳ ನಡುನಡುವೆ ಕೊಬ್ಬು ಹರಡಿಕೊಂಡಿರುವುದರಿಂದ ಬೆಂದ ತುಂಡು ನಾರಾಗದೆ ಮೆತ್ತಗೆ ಉಳಿಯುತ್ತದೆ. ಅಪ್ಪಟ ತಳಿ ಈಗ ಕಡಿಮೆಯಾಗಿ ಬೆಲೆ ಏರಿದೆ. ಉತ್ತರದ ಜಿಲ್ಲೆಗಳ ಕುರಿಗಳೂ ಸಂತೆಗೆ ಬರುತ್ತವೆ, ಕೆಲವೊಮ್ಮೆ ಬನ್ನೂರಿನ ಹೆಸರನ್ನೇ ಹೊತ್ತು. ಮಸಾಲೆ ಬಿದ್ದ ಮೇಲೆ ಯಾವುದು ಯಾವುದೆಂದು ನಾಲಗೆಯಿಂದಲೇ ಹೇಳುವವರು ಪಂಕ್ತಿಗೆ ನಾಲ್ಕು ಜನ ಸಿಕ್ಕಾರು. ಹೇಳಬಲ್ಲೆವೆನ್ನುವವರಂತೂ ನಲವತ್ತು ಜನ.

ಲೆಕ್ಕ ಹೀಗೆ ಸಾಗುತ್ತದೆ. ಬೆಳೆದ ಟಗರು ಸುಮಾರು 30-35 ಕಿಲೋ. ಚರ್ಮ, ತಲೆ, ಕಾಲು, ಕರುಳು ಕಳೆದರೆ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ 15 ಕಿಲೋ ಮಾಂಸ ಉಳಿಯುತ್ತದೆ. ತಲೆಗೆ 150 ಗ್ರಾಂ ಎಂದು ಹಿಡಿದರೆ ಒಂದು ಮರಿ ನೂರು ಜನಕ್ಕೆ. ಸಾವಿರ ಜನಕ್ಕೆ ಹತ್ತು. ಇಷ್ಟು ಸುಲಭವಾಗಿದ್ದರೆ ಜಗಲಿಯ ಸಭೆ ಅರ್ಧ ಗಂಟೆಯಲ್ಲಿ ಮುಗಿಯಬೇಕಿತ್ತು.

"ಹತ್ತು ಮರಿ ಸಾಕಾಗ್ತವಾ?" ಎಂದು ಯಜಮಾನರು ಕೇಳುತ್ತಾರೆ.

"ಸಾರಿಗೆ ಸಾಕು ಕಣಣ್ಣ. ಬೋಟಿ ಸಾಲಾಕಿಲ್ಲ" ಎನ್ನುತ್ತಾನೆ ಅಡುಗೆಯವನು.

ಅವನ ಮಾತು ಸರಿ. ಹತ್ತು ಮರಿಗೆ ಇರುವುದು ಹತ್ತು ತಲೆ, ನಲವತ್ತು ಕಾಲು, ಹತ್ತು ಹೊಟ್ಟೆ. ಸಾವಿರ ಎಲೆಗೂ ಬೋಟಿ ಗೊಜ್ಜು ಬೀಳಬೇಕೆಂದರೆ ಕರುಳನ್ನು ಬೇರೆಯಾಗಿ ಪಟ್ಟಣದ ಅಂಗಡಿಗಳಿಂದ ತರಿಸಿ, ಬಿಸಿನೀರಿನಲ್ಲಿ ಕೆರೆದು, ನಾಲ್ಕಾರು ನೀರಿನಲ್ಲಿ ತೊಳೆಯಬೇಕು. ಕಾಲು ಸೂಪು ಎಂದು ಲೋಟದಲ್ಲಿ ಬರುವುದೂ ಬಹುಪಾಲು ಮೂಳೆಯ ಸೂಪೇ. ಅದರಲ್ಲಿ ಮೋಸವೇನಿಲ್ಲ, ಸ್ನಾಯುರಜ್ಜು, ಮೂಳೆಗಳು ನಿಧಾನವಾಗಿ ಬೆಂದು ಬಿಡುವ ಅಂಟು ಎರಡರಲ್ಲೂ ಒಂದೇ. ಆದರೆ ಬೋಟಿಯ ವಿಷಯ ಹಾಗಲ್ಲ. ಮೊದಲ ಪಂಕ್ತಿಗೆ ಬಿದ್ದದ್ದು ಮೂರನೆಯ ಪಂಕ್ತಿಗೆ ಬೀಳಲಿಲ್ಲವೆಂದರೆ, ಆ ಪಂಕ್ತಿಯಲ್ಲಿ ಕೂತವರು ಹೆಣ್ಣಿನ ಸೋದರಮಾವನ ಕಡೆಯವರಾಗಿದ್ದರೆ, ಆ ಮಾತು ಮುಂದಿನ ಮದುವೆಯವರೆಗೂ ಬದುಕಿರುತ್ತದೆ. ಹಾಗಾಗಿ ಚಾಪ್ಸು, ಕೈಮ ಉಂಡೆ, ಚಿಕನ್ ಕಬಾಬು, ಬಿರಿಯಾನಿ ಎಂದು ಪಟ್ಟಿ ಬೆಳೆಯುತ್ತದೆ. ಒಂದು ಸಾಲದಿದ್ದರೆ ಇನ್ನೊಂದು ಮುಚ್ಚಲಿ ಎಂಬುದೇ ಈ ಪಟ್ಟಿಯ ಅರ್ಧ ಗುಟ್ಟು.

ಇನ್ನರ್ಧ ಗುಟ್ಟು ಇರುವುದು ಶಾಮಿಯಾನದ ಬಾಗಿಲಲ್ಲಿ. ಅಲ್ಲಿ ಒಬ್ಬರು ಪುಸ್ತಕ ಹಿಡಿದು ಮುಯ್ಯಿ ಬರೆಯುತ್ತಾರೆ. ಯಾರು ಎಷ್ಟು ಕೊಟ್ಟರು, ಯಾವ ಊರು. ಅದು ಕಾಣಿಕೆಯೂ ಹೌದು, ಸಾಲವೂ ಹೌದು. ಅವರ ಮನೆಯ ಕಾರ್ಯಕ್ಕೆ ಹಿಂದಿರುಗಿಸಲೇಬೇಕು. ಸಾಮಾನು ತಂದುಕೊಟ್ಟು ಊರಿನ ಅಡುಗೆಯವನಿಂದ ಮಾಡಿಸುವುದೋ, ಎಲೆಗೆ ಇಷ್ಟೆಂದು ಕೇಟರಿಂಗಿನವರಿಗೆ ಗುತ್ತಿಗೆ ಕೊಡುವುದೋ ಎಂಬ ಚರ್ಚೆಯಲ್ಲಿ ಈ ಪುಸ್ತಕವೇ ಮನಸ್ಸಿನಲ್ಲಿರುತ್ತದೆ. ಗುತ್ತಿಗೆಯಲ್ಲಿ ಖರ್ಚು ಮೊದಲೇ ಗೊತ್ತಾಗುತ್ತದೆ. ಆದರೆ ಐನೂರು ಜನ ಹೆಚ್ಚು ಬಂದರೆ ಸಾರಿಗೆ ನೀರು ಸೇರಿಸುವ ಸ್ವಾತಂತ್ರ್ಯ ಇರುವುದಿಲ್ಲ. ಕಬ್ಬಿನ ದುಡ್ಡು ಕೈಗೆ ಬರುವ ಮೊದಲೇ ಮದುವೆಯ ಸಾಲ ತಲೆಯ ಮೇಲೆ ಕೂತ ಮನೆಗಳಲ್ಲಿ ಹತ್ತು ಮರಿಯೋ ಹದಿನೈದೋ ಎಂಬುದು ರುಚಿಯ ಮಾತಲ್ಲ. ಹದಿನೈದು ಎಂದು ಕೂಗುವವರು ಸಾಮಾನ್ಯವಾಗಿ ಅದರ ದುಡ್ಡು ಕೊಡದವರು.

ಲೆಕ್ಕದಲ್ಲಿ ತಕರಾರೇ ಇಲ್ಲದ್ದು ಮುದ್ದೆ. ಈ ಸೀಮೆಯ ಬಾಯಲ್ಲಿ ಅದು ಬರೀ ಹಿಟ್ಟು. ಆಫ್ರಿಕದ ರಾಗಿಯನ್ನು ಇಲ್ಲಿನದರ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ ರಾಗಿ ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ವಿ.ಸಿ. ಫಾರ್ಮಿನಲ್ಲೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಮೂವತ್ತನೆಯ ಒಂದು ಪಾಲೂ ಸಿಗದು. ಊಟಕ್ಕೆ ಕೂತವರಿಗೆ ಇದೊಂದೂ ನೆನಪಿರುವುದಿಲ್ಲ, ನೆನಪಿರಬೇಕಾಗಿಯೂ ಇಲ್ಲ. ಕುದಿಯುವ ಎಸರಿಗೆ ಹಿಟ್ಟು ಸುರಿದು, ನಡುವೆ ಕೋಲಿನಿಂದ ತೂತು ಮಾಡಿ ಬೇಯಲು ಬಿಟ್ಟು, ಆಮೇಲೆ ಇಬ್ಬರು ಗಂಡಾಳುಗಳು ಬೆವರು ಸುರಿಸಿ ತೊಳಸುವುದನ್ನು ನೋಡಬೇಕು. ಬೇಯುವ ಮೊದಲೇ ಅವಸರದಿಂದ ತಿರುವಿದರೆ ಹೊರಗೆ ಬೆಂದು ಒಳಗೆ ಹಸಿಯಾದ ಗಂಟುಗಳು ಉಳಿಯುತ್ತವೆ. ಸಾವಿರ ಮುದ್ದೆಯನ್ನು ಒಟ್ಟಿಗೆ ಕಟ್ಟಿಟ್ಟರೆ ಕೊನೆಯ ಪಂಕ್ತಿಗೆ ಅವು ಕಲ್ಲು. ಪಂಕ್ತಿಗೆ ಪಂಕ್ತಿಗೆ ಬೇರೆ ಬೇರೆಯಾಗಿ ಕಟ್ಟಿಸುವವನೇ ಜಾಣ.

ಹಗಲೂಟಕ್ಕೆ ಹಗಲಿನದೇ ತೊಂದರೆಗಳಿವೆ. ಏಪ್ರಿಲ್, ಮೇ ತಿಂಗಳ ಬಿಸಿಲು. ಸಾರು ಒಲೆಗೇರುವುದು ನಸುಕಿನ ನಾಲ್ಕಕ್ಕೆ, ಕೊನೆಯ ಪಂಕ್ತಿ ಏಳುವುದು ಮಧ್ಯಾಹ್ನ ನಾಲ್ಕಕ್ಕೆ. ಬೆಂದ ಮಾಂಸ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಉಗುರುಬೆಚ್ಚಗೆ ಕೂತಷ್ಟು ಹೊತ್ತೂ ರೋಗಾಣುಗಳಿಗೆ ಅದು ಔತಣವೇ. ದೊಡ್ಡ ಹಂಡೆಯ ನಡುಭಾಗ ತಣಿಯುವುದೂ ನಿಧಾನ. ಅನುಭವವಿರುವ ಅಡುಗೆಯವರು ಹಂಡೆಯ ಕೆಳಗಿನ ಕೆಂಡ ಕೊನೆಯವರೆಗೂ ತೆಗೆಯುವುದಿಲ್ಲ. ಕುರಿಯ ಕೊಬ್ಬು ಬೇಗ ಹೆಪ್ಪುಗಟ್ಟುವುದರಿಂದ ಸಾರು ಆರಿದರೆ ಅಂಗಳಕ್ಕೆ ಮೇಣದಂತೆ ಮೆತ್ತುತ್ತದೆ ಎಂಬುದು ಅವರ ಕಾರಣ. ಆರೋಗ್ಯ ಅದರ ಜೊತೆಗೆ ಬಿಟ್ಟಿಯಾಗಿ ಸಿಗುತ್ತದೆ. ಈ ಬಿಸಿಲಿಗೆ ಖೋವಾದ ಸಿಹಿ, ಕೆನೆಯ ಸಲಾಡು ಬೇಡವೇ ಬೇಡ. ನೀರು ಮಜ್ಜಿಗೆ, ಬಾಳೆಹಣ್ಣು, ಬೀಡ ಸಾಕು. ಐಸ್ ಕ್ರೀಮಿಗೆ ಮಕ್ಕಳು ಬಿಡುವುದಿಲ್ಲ, ಅದು ಬೇರೆ ಮಾತು.

2023ರ ಮಾರ್ಚ್ 12ರಂದು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಪಂಕ್ತಿಯ ಲೆಕ್ಕವೂ ಬದಲಾಗಿದೆ. ಮೊದಲು ಬೆಂಗಳೂರಿನ ನೆಂಟರು ಮದ್ದೂರಿನಲ್ಲಿ ವಡೆ, ಕಾಫಿ ಮುಗಿಸಿ ಎರಡು ಗಂಟೆಯ ಹೊತ್ತಿಗೆ ಚದುರಿ ಚದುರಿ ಬರುತ್ತಿದ್ದರು. ಈಗ ಎಲ್ಲರೂ ಹನ್ನೆರಡೂವರೆಗೆ ಒಟ್ಟಿಗೆ ಇಳಿಯುತ್ತಾರೆ, ಹಸಿದುಕೊಂಡು. ಉಣ್ಣುವವರ ಕುರ್ಚಿಯ ಬೆನ್ನು ಹಿಡಿದು ಮುಂದಿನ ಪಂಕ್ತಿಯವರು ನಿಂತಿರುವ ನೋಟ ಹಳೆಯದೇ. ಈಗ ಎರಡು ಸಾಲು ನಿಲ್ಲುತ್ತದೆ.

ಆಮಂತ್ರಣದಲ್ಲಿ ಸಸ್ಯಾಹಾರಿಗಳಿಗೆ ಪ್ರತ್ಯೇಕ ವ್ಯವಸ್ಥೆ ಇದೆ ಎಂಬ ಸಾಲಿದ್ದರೂ ಆ ವ್ಯವಸ್ಥೆ ಎಷ್ಟೋ ಕಡೆ ಮೂಲೆಯ ನಾಲ್ಕು ಮೇಜು, ನಿನ್ನೆ ಮೊನ್ನೆ ಅಡುಗೆ ಕಲಿತ ಹುಡುಗ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲೇ ನಡೆದ 87ನೆಯ ಸಾಹಿತ್ಯ ಸಮ್ಮೇಳನದ ಊಟಕ್ಕೆ ಬಾಡು ಬೇಕೆಂದು ನಾಡಿನಾದ್ಯಂತ ವಾದ ನಡೆಯಿತು. ಬೀಗರ ಊಟದಲ್ಲಿ ಅದಕ್ಕೆ ತಿರುಗುಮುರುಗಾದ ಸ್ಥಿತಿ. ಸೊಪ್ಪಿನವರು ಸುಮ್ಮನೆ ಉಂಡು ಏಳುತ್ತಾರೆ. ಹಳೆಯ ಮನೆತನದವರು ಅವರಿಗೆಂದು ಬೇರೆ ಒಲೆ, ಬೇರೆ ಪಾತ್ರೆ ಹೂಡಿ ಅವರೇಕಾಳಿನ ಸಾರು, ಮುದ್ದೆ, ಒಂದು ಪಾಯಸ ಮಾಡಿಸುತ್ತಾರೆ. ಹರಕೆಯಿಂದ ಬಾಡು ಬಿಟ್ಟ ಅಜ್ಜಿಯರೂ ಅಲ್ಲೇ ಕೂರುತ್ತಾರೆ.

ನಾಲ್ಕು ಗಂಟೆಗೆ ಬಡಿಸುವವರು, ಪಾತ್ರೆ ತೊಳೆಯುವವರು ಕೊನೆಯ ಪಂಕ್ತಿಗೆ ಕೂರುತ್ತಾರೆ. ಬೋಟಿಯ ಪಾತ್ರೆ ಅಷ್ಟು ಹೊತ್ತಿಗೆ ಬೋರಲಾಗಿರುತ್ತದೆ. ಉಳಿದ ಅನ್ನ, ಸಾರು ಕತ್ತಲಾಗುವ ಮೊದಲೇ ಕೇರಿಯ ಮನೆಮನೆಗೆ ಹೋಗಬೇಕು. ಹೆಂಗಸರು ಕ್ಯಾರಿಯರು, ತಪ್ಪಲೆ ಹಿಡಿದು ಬಂದಿರುತ್ತಾರೆ. ನಸುಕಿನಿಂದ ಒಲೆಯ ಮುಂದಿದ್ದ ಅಡುಗೆಯವನಿಗೆ ಮಾತ್ರ ಬಾಡು ಸೇರದು. ಅವನು ಒಂದು ತಟ್ಟೆ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು, ಉಪ್ಪಿನಕಾಯಿ ಕೇಳುತ್ತಾನೆ.